48 ನಿಮಿಷದ ಪೀರಿಯಡ್: ಮುಂಬೈ ಕಾಲೇಜಿಗೆ ಹೊಸದಾಗಿ ಸೇರಿದ ಉಪನ್ಯಾಸಕರಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್ ಬಂತೆಂದರೆ ನಮ್ಮ ಮನೆಗೆ ಒಬ್ಬಿಬ್ಬರು ಹೊಸ ಉಪನ್ಯಾಸಕರು ಬಂದೇ ಬರುತ್ತಾರೆ. ಉಡುಪಿ, ಧಾರವಾಡ, ಕಲಬುರಗಿ ಕಡೆ ಎಂ.ಎಸ್ಸಿ.ಯೋ ಎಂ.ಕಾಂ.ಓ ಮುಗಿಸಿ, ಉಪನ್ಯಾಸಕರಾಗಲು ಬೇಕಾದ ನೆಟ್ ಇಲ್ಲವೇ ಸೆಟ್ ಪರೀಕ್ಷೆ ಪಾಸು ಮಾಡಿಕೊಂಡು, ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ನೆಂಟರ ಮನೆಯಲ್ಲಿ ಉಳಿದು, ಸಿಎಚ್‌ಬಿ ಮೇಲೆ, ಅಂದರೆ ತಾಸಿನ ಲೆಕ್ಕದ ಸಂಬಳಕ್ಕೆ ಕಾಲೇಜು ಸೇರಿದವರು. ವಿಷಯದಲ್ಲಿ ಅವರಿಗೆ ಅಳುಕಿಲ್ಲ. "ಸರ್, ನೂರಿಪ್ಪತ್ತು ಮಕ್ಕಳು ಕೂತಿರ್ತಾರೆ, ಅರ್ಧ ಜನ ಫೋನ್ ನೋಡ್ತಿರ್ತಾರೆ, ಏನು ಮಾಡ್ಲಿ?" ಎನ್ನುವುದೇ ಅವರ ಪ್ರಶ್ನೆ.

ನಾನು ಇಲ್ಲಿನ ಕಾಲೇಜುಗಳಲ್ಲಿ 28 ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನು. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು, ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಎಲ್ಲದರ ಬುಡದಲ್ಲಿರುವ ಮಾತು ಒಂದೇ: ನಾನು ಎಷ್ಟು ಹೇಳಿದೆ ಎಂಬ ಲೆಕ್ಕವನ್ನು ಯಾರು ಬೇಕಾದರೂ ಇಡಬಹುದು, ಮಕ್ಕಳಿಗೆ ಎಷ್ಟು ಮುಟ್ಟಿತು ಎಂದು ದಿನದಿನವೂ ವಿಚಾರಿಸಿಕೊಳ್ಳುವವರ ಪಾಠ ನಿಲ್ಲುತ್ತದೆ.

ಇದನ್ನು ನಾನು ಮೊದಲು ಕಂಡದ್ದು ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ. ಹಗಲೆಲ್ಲ ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ಲೋಟ ತೊಳೆದು ಬರುತ್ತಿದ್ದ ನಮಗೆ ಕೂತಲ್ಲೇ ನಿದ್ದೆ. ಲೆಕ್ಕದ ಮಾಸ್ಟ್ರು ಬೋರ್ಡಿನ ಮೇಲೆ ಒಂದು ಬಡ್ಡಿ ಲೆಕ್ಕ ಬರೆಯುತ್ತಿದ್ದರು. ಚಾಕ್‌ಪೀಸನ್ನು ನಮ್ಮಲ್ಲೊಬ್ಬನ ಕೈಗೆ ಕೊಟ್ಟು, ತೂಕಡಿಸುವವರ ನಡುವೆ ಕೊನೇ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದರು. "ಹೇಳು ಮಾರಾಯ, ನನಗೆ ಅರ್ಥ ಆಗುವ ಹಾಗೆ ಹೇಳು." ಹೇಳುತ್ತ ಹೋದಂತೆ ಎಲ್ಲಿ ಎಡವುತ್ತಿದ್ದೇವೆ ಎನ್ನುವುದು ಅವರಿಗೂ ಕಾಣುತ್ತಿತ್ತು, ನಮಗೂ ಕಾಣುತ್ತಿತ್ತು.

ಮೊದಲ ಹೆಜ್ಜೆ: ಎದುರಿಗೆ ಕೂತವರು ಯಾರೆಂದು ತಿಳಿಯಿರಿ

ಮೊದಲ ದಿನ ಸಿಲಬಸ್ ಓದಿ ಹೇಳಬೇಡಿ. ಕಾಲು ಹಾಳೆ ಹಂಚಿ, ನಾಲ್ಕು ಪ್ರಶ್ನೆ ಕೇಳಿ. ಎಲ್ಲಿಂದ ಬರುತ್ತೀರಿ, ಮನೆ ಬಿಡುವುದು ಎಷ್ಟು ಗಂಟೆಗೆ? ಹತ್ತನೆಯವರೆಗೆ ಯಾವ ಮಾಧ್ಯಮ? ಈ ವಿಷಯವನ್ನು ಕೊನೆಯ ಸಲ ಓದಿದ್ದು ಯಾವಾಗ? ಕಾಲೇಜು ಮುಗಿದ ಮೇಲೆ ಕೆಲಸಕ್ಕೆ ಹೋಗುತ್ತೀರಾ?

ಆ ಚೀಟಿಗಳನ್ನು ರಾತ್ರಿ ಕೂತು ಓದಿದರೆ ನಿಮ್ಮ ಪಾಠ ತಾನಾಗಿ ಬದಲಾಗುತ್ತದೆ. ನನಗೊಮ್ಮೆ ಸಿಕ್ಕ ಚೀಟಿಯಲ್ಲಿ "ಬದ್ಲಾಪುರ, 5.10" ಎಂದಷ್ಟೇ ಇತ್ತು. ಏಳೂವರೆಯ ಕ್ಲಾಸಿಗೆ ಆ ಹುಡುಗಿ ಐದೂಹತ್ತಕ್ಕೆ ಮನೆ ಬಿಡುತ್ತಿದ್ದಳು. ಇನ್ನೊಬ್ಬ ಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ಆಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದವನು; ಸಂಜೆ ಅಂಧೇರಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ನಾಲ್ಕು ಜನರ ಲೆಕ್ಕವನ್ನು ಕ್ಷಣದಲ್ಲಿ ಕೂಡಿಸಬಲ್ಲವನು ನನ್ನ ಕ್ಲಾಸಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅವನ ಗಲ್ಲಾದ ಲೆಕ್ಕವನ್ನೇ ಉದಾಹರಣೆಗೆ ತಂದ ದಿನ ಅವನು ತಲೆ ಎತ್ತಿದ.

ಚೀಟಿಗಳಿಂದ ಇನ್ನೂ ಒಂದು ತಿಳಿಯಿತು. ಲೋಕಲ್ ಹತ್ತು ನಿಮಿಷ ತಡವಾದರೆ ಕಾಲು ಭಾಗ ಕ್ಲಾಸ್ ಒಳಗಿರುವುದಿಲ್ಲ. ಹಾಗಾಗಿ ಬೆಳಗಿನ ಪೀರಿಯಡ್‌ನ ಮೊದಲ ಐದು ನಿಮಿಷದಲ್ಲಿ ಹೊಸ ವಿಷಯ ಎತ್ತುವುದನ್ನು ಬಿಟ್ಟೆ. ಆ ಐದು ನಿಮಿಷಕ್ಕೆ ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ.

ಹೆಸರುಗಳನ್ನು ದಿನಕ್ಕೆ ಹತ್ತರಂತೆ ಕಲಿಯಿರಿ. 120 ಮಕ್ಕಳಿದ್ದರೂ ಹನ್ನೆರಡು ಕ್ಲಾಸಿನಲ್ಲಿ ಮುಗಿಯುತ್ತದೆ. ರೋಲ್ ನಂಬರ್ ಕರೆಯುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಇರುವ ವ್ಯತ್ಯಾಸ ಮೊದಲ ವಾರದಲ್ಲೇ ನಿಮಗೆ ಗೊತ್ತಾಗುತ್ತದೆ.

ಎರಡನೆಯದು: ಸಿಲಬಸ್ಸನ್ನು ಹಿಂದಿನಿಂದ ಓದಿ

ಥಿಯರಿಯಲ್ಲಿ ಒಂದು ಕ್ರೆಡಿಟ್‌ಗೆ 15 ತಾಸು. ನಾಲ್ಕು ಕ್ರೆಡಿಟ್‌ನ ಪೇಪರಿಗೆ ಕಾಗದದ ಮೇಲೆ 60 ತಾಸು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿ ನೋಡಿ. ಮಳೆಯಲ್ಲಿ ಗಾಡಿ ನಿಲ್ಲುವ ದಿನಗಳು, ಗಣಪತಿ ಹಬ್ಬ, ಕಾಲೇಜಿನ ಫೆಸ್ಟಿವಲ್, ಇಂಟರ್ನಲ್ ಟೆಸ್ಟ್, ಜರ್ನಲ್ ಸಬ್‌ಮಿಷನ್ ಎಲ್ಲ ಕಳೆದರೆ ನನ್ನ ಕೈಗೆ 48ಕ್ಕಿಂತ ಹೆಚ್ಚು ಸಿಕ್ಕಿದ ಸೆಮಿಸ್ಟರ್ ಅಪರೂಪ.

ಆದ್ದರಿಂದ ಜೂನ್‌ನಲ್ಲೇ ನಿರ್ಧರಿಸಿ: ಈ ಪೇಪರ್ ಮುಗಿಸಿ ಹೋಗುವ ವಿದ್ಯಾರ್ಥಿ ಎರಡು ವರ್ಷದ ನಂತರವೂ ಮಾಡಬಲ್ಲ ಹತ್ತು ಹನ್ನೆರಡು ಕೆಲಸಗಳು ಯಾವುವು? "ತಿಳಿದಿರಬೇಕು" ಎಂದು ಬರೆಯಬೇಡಿ; "ಲೆಕ್ಕ ಹಾಕಬೇಕು", "ಹೋಲಿಸಬೇಕು", "ತಪ್ಪು ಹುಡುಕಬೇಕು" ಎಂದು ಕ್ರಿಯಾಪದ ಹಾಕಿ ಬರೆಯಿರಿ. ಸಮಯದ ಬಹುಪಾಲು ಇವಕ್ಕೆ ಹೋಗಲಿ. ಉಳಿದದ್ದನ್ನು ಓದಿಕೊಳ್ಳಲು ಕೊಟ್ಟು, ಒಂದೊಂದು ಕ್ಲಾಸಿನಲ್ಲಿ ಸಂದೇಹ ಬಿಡಿಸಿ.

ಮೊದಲ ಹತ್ತು ವರ್ಷ ನಾನು ಇದಕ್ಕೆ ತದ್ವಿರುದ್ಧವಾಗಿ ನಡೆದೆ. "ಪೋರ್ಶನ್ ಮುಗಿಯಿತು" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಮೊದಲು ಹೇಳುವುದರಲ್ಲಿ ನನಗೆ ಹೆಮ್ಮೆ ಇತ್ತು. ಒಂದು ವರ್ಷ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ವೇರಿಯನ್ಸ್ ಮೈನಸ್ 4.2 ಎಂದು ಬರೆದು, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದ ಪೇಪರ್ ಸಿಕ್ಕಿತು. ಕೂಡಿಸುವಾಗ ಎಲ್ಲೋ ತಪ್ಪಾಗಿತ್ತು. ಅದು ಯಾರಿಗೂ ಆಗುವಂಥದ್ದು. ಆದರೆ ವೇರಿಯನ್ಸ್ ಎಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ದೂರವಿವೆಯೋ ಆ ದೂರಗಳ ವರ್ಗಗಳ ಸರಾಸರಿ, ಅದು ಸೊನ್ನೆಗಿಂತ ಕೆಳಗಿಳಿಯಲು ಸಾಧ್ಯವೇ ಇಲ್ಲ. ಉತ್ತರ ನೋಡಿದ ಕೂಡಲೇ "ಇದು ಹೇಗಾದೀತು?" ಎಂದು ಆ ಮಗುವಿಗೆ ಅನಿಸಬೇಕಿತ್ತು. ಅನಿಸಲಿಲ್ಲ. ಅಂಥ ಪೇಪರ್ ಆ ಕಟ್ಟಿನಲ್ಲಿ ಇನ್ನೂ ಏಳಿದ್ದವು. ಸೂತ್ರವನ್ನು ಎಲ್ಲರೂ ಸರಿಯಾಗಿಯೇ ಬರೆದಿದ್ದರು. ನಾನು ಹೇಳಿದ್ದೆಲ್ಲ ಅವರ ನೋಟ್ಸಿನಲ್ಲಿತ್ತು, ತಲೆಗೆ ಹೋಗಿರಲಿಲ್ಲ. ಪೋರ್ಶನ್ ಮುಗಿದಿದೆ ಎಂಬ ಮಾತನ್ನು ನಾನು ಅಂದಿನಿಂದ ಆಡಿಲ್ಲ.

ಮೂರನೆಯದು: ಒಂದು ಕ್ಲಾಸಿಗೆ ಒಂದು ಪ್ರಶ್ನೆ

ಪ್ರತಿ ಕ್ಲಾಸಿಗೂ ಒಂದೇ ಪುಟದ ತಯಾರಿ ಸಾಕು, ಆದರೆ ಅದರ ತಲೆಯಲ್ಲಿ ವಿಷಯದ ಹೆಸರಿನ ಬದಲು ಒಂದು ಪ್ರಶ್ನೆ ಇರಲಿ. ನಾನು ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ, ಶುರುಮಾಡುವ ಬಗೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ನಿಮ್ಮ ವಿಷಯಕ್ಕೆ ಹೊಂದಿಸಿಕೊಳ್ಳಿ.

ಬೋರ್ಡಿನ ಎಡಕ್ಕೆ ಎರಡು ಲೋಕಲ್ ಗಾಡಿಗಳು ಸೋಮವಾರದಿಂದ ಶುಕ್ರವಾರದವರೆಗೆ ಎಷ್ಟು ನಿಮಿಷ ತಡವಾದವು ಎಂದು ಬರೆಯುತ್ತೇನೆ. ಮೊದಲ ಗಾಡಿ: 5, 6, 6, 7, 6. ಎರಡನೆಯದು: 0, 15, 2, 12, 1. "ಸರಾಸರಿ ಹೇಳಿ." ಎರಡಕ್ಕೂ 6. "ಸೋಮವಾರ ನಿಮಗೆ ಪರೀಕ್ಷೆ ಇದೆ. ಯಾವ ಗಾಡಿಯನ್ನು ನಂಬಿ ಮನೆ ಬಿಡುತ್ತೀರಿ?"

ಯಾರೂ ಎರಡನೆಯದನ್ನು ಹೇಳುವುದಿಲ್ಲ. "ಯಾಕೆ? ಸರಾಸರಿ ಒಂದೇ ಇದೆಯಲ್ಲ?" ಇಲ್ಲಿಂದ ಕ್ಲಾಸ್ ಮಕ್ಕಳದಾಗುತ್ತದೆ. "ಸರ್, ಅದರ ಭರೋಸಾ ಇಲ್ಲ" ಎಂದು ಒಬ್ಬಳು ಹೇಳುತ್ತಾಳೆ. "ಭರೋಸಾ ಇಲ್ಲ ಎನ್ನುವುದನ್ನು ಅಂಕಿಯಲ್ಲಿ ಹೇಳಿ ನೋಡೋಣ." ಸರಾಸರಿಯಿಂದ ಎಷ್ಟು ದೂರ ಹೋಯಿತು ಎಂದು ಕಳೆದು ಕೂಡಿಸುತ್ತಾರೆ, ಎರಡಕ್ಕೂ ಸೊನ್ನೆ ಬರುತ್ತದೆ. ಒಂದು ಕ್ಷಣ ಮೌನ. ಹೆಚ್ಚೂ ಕಡಿಮೆಯೂ ಒಂದನ್ನೊಂದು ಹೊಡೆದುಹಾಕಿದವು ಎನ್ನುವುದು ಅವರಿಗೇ ಹೊಳೆಯುತ್ತದೆ. ಆಗ ವರ್ಗ ಮಾಡುವ ಅಗತ್ಯ ಅವರಿಂದಲೇ ಹುಟ್ಟುತ್ತದೆ. ಆ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಹಾಕಿದರೆ, ಕೊನೆಗೆ ಮೊದಲ ಗಾಡಿಗೆ 0.63, ಎರಡನೆಯದಕ್ಕೆ 6.23. ಸೂತ್ರವನ್ನು ನಾನು ಬರೆಯುವುದು ಆಮೇಲೆ. ಹೀಗೆ ಕಲಿತವರು ಮೈನಸ್ ವೇರಿಯನ್ಸ್ ಬರೆದದ್ದನ್ನು ನಾನು ನೋಡಿಲ್ಲ.

ನಿಮ್ಮದು ಇತಿಹಾಸವಾಗಿರಲಿ, ಕಾಮರ್ಸ್ ಆಗಿರಲಿ, ಅಂಥ ಒಂದು ಪ್ರಶ್ನೆ ಹುಡುಕಲು ಒಂದು ಸಂಜೆ ಹಿಡಿದರೂ ಆ ಸಂಜೆ ಸಾರ್ಥಕ. ವಿಷಯವನ್ನು ಆಳವಾಗಿ ಬಲ್ಲವರಿಗಷ್ಟೇ ಅದು ಸಿಗುತ್ತದೆ. ಹಾಗಾಗಿ ನಿಮ್ಮ ಓದು ನಿಲ್ಲಬಾರದು.

ನಾಲ್ಕನೆಯದು: ಕೇಳಿದ ಮೇಲೆ ಸುಮ್ಮನಿರಿ

ಹೊಸಬರು ಪ್ರಶ್ನೆ ಕೇಳಿ, ಉತ್ತರ ಬರುವ ಮುನ್ನ ತಾವೇ ಹೇಳಿಬಿಡುತ್ತಾರೆ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ ಶಾಲೆಗಳ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡತೊಡಗಿದರು. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಮೊದಲ ವಾರ ಆ ಮೌನ ಸಹಿಸುವುದು ಕಷ್ಟ. ಸಹಿಸಿ. ಮೊದಲ ಬೆಂಚಿನ ಇಬ್ಬರು ಕೈ ಎತ್ತಿದರೂ "ಇರಿ, ಉಳಿದವರೂ ಯೋಚಿಸಲಿ" ಎನ್ನಿ.

ಐದನೆಯದು: ಪಕ್ಕದವರ ಜೊತೆ ಮಾತಾಡಲು ಬಿಡಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಪಾಠವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಇದೇ.

ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ ಒಳ್ಳೆಯ ಉಪನ್ಯಾಸಕರೆಂದೇ ಹೆಸರಾದವರು. 1990ರ ಸುಮಾರಿಗೆ ಅವರು ತಮ್ಮ ವಿದ್ಯಾರ್ಥಿಗಳಿಗೆ ಬಲ, ಚಲನೆಗಳ ಮೇಲೆ ತೀರಾ ಸರಳವಾದ, ಲೆಕ್ಕವೇ ಇಲ್ಲದ ಪ್ರಶ್ನೆಗಳನ್ನು ಕೊಟ್ಟರು. ಕಠಿಣ ಲೆಕ್ಕಗಳನ್ನು ಬಿಡಿಸುವವರು ಅಲ್ಲಿ ತಡಬಡಾಯಿಸಿದರು. ಆಮೇಲೆ ಮಜೂರ್ ಕ್ಲಾಸಿನ ಮಧ್ಯೆ ಪ್ರಶ್ನೆ ಹಾಕಿ, ಮೊದಲು ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರ ಆರಿಸಿ, ಬಳಿಕ ಪಕ್ಕದವರನ್ನು ಒಪ್ಪಿಸಲು ಪ್ರಯತ್ನಿಸುವ ಪದ್ಧತಿ ತಂದರು. ಈಚೆಗಷ್ಟೇ ಅರ್ಥಮಾಡಿಕೊಂಡ ವಿದ್ಯಾರ್ಥಿಗೆ ತಾನು ಎಲ್ಲಿ ತೊಡರಿದ್ದೆ ಎಂಬುದು ಇನ್ನೂ ನೆನಪಿರುತ್ತದೆ. ನಮಗೆ ಅದು ಮರೆತೇಹೋಗಿರುತ್ತದೆ.

ನಾನು ಮಾಡುವುದು ಹೀಗೆ. ಗಾಡಿಗಳ ಪಾಠದ ಮಧ್ಯೆ ಬೋರ್ಡಿನ ಮೇಲೆ ಬರೆಯುತ್ತೇನೆ: "ಸಿಗ್ನಲ್ ಕೆಟ್ಟು ಮುಂದಿನ ವಾರ ಪ್ರತಿ ದಿನವೂ ಗಾಡಿ ಈ ವಾರಕ್ಕಿಂತ ಸರಿಯಾಗಿ 10 ನಿಮಿಷ ಹೆಚ್ಚು ತಡವಾಯಿತು. ಸರಾಸರಿ ಏನಾಗುತ್ತದೆ? ಸ್ಟ್ಯಾಂಡರ್ಡ್ ಡೀವಿಯೇಶನ್ ಏನಾಗುತ್ತದೆ?" ನಾಲ್ಕು ಉತ್ತರ ಕೊಟ್ಟು, ಒಂದು ನಿಮಿಷ ಯಾರೂ ಮಾತಾಡಬಾರದು ಎನ್ನುತ್ತೇನೆ. ಎದೆಯ ಹತ್ತಿರ ಬೆರಳು ಹಿಡಿದು ಉತ್ತರ ತೋರಿಸಬೇಕು: ಒಂದು, ಎರಡು, ಮೂರು ಇಲ್ಲವೇ ನಾಲ್ಕು. ಎದೆಯ ಹತ್ತಿರ ಏಕೆಂದರೆ ಹಿಂದಿನವರಿಗೆ ಕಾಣಬಾರದು, ನನಗೆ ಕಾಣಬೇಕು.

ಹತ್ತರಲ್ಲಿ ಮೂವರಿಗಿಂತ ಕಡಿಮೆ ಜನ ಸರಿ ತೋರಿಸಿದರೆ ನಾನೇ ಇನ್ನೊಮ್ಮೆ ವಿವರಿಸುತ್ತೇನೆ. ಏಳಕ್ಕಿಂತ ಹೆಚ್ಚಿದ್ದರೆ ಎರಡು ವಾಕ್ಯದಲ್ಲಿ ಕಾರಣ ಹೇಳಿ ಮುಂದೆ ಹೋಗುತ್ತೇನೆ. ನಡುವೆ ಇದ್ದರೆ ಎರಡು ನಿಮಿಷ ಪಕ್ಕದವರೊಡನೆ ಚರ್ಚೆ, ಆಮೇಲೆ ಮತ್ತೆ ಬೆರಳು. ಈ ಪ್ರಶ್ನೆಗೆ ಮೊದಲ ಸುತ್ತಿನಲ್ಲಿ ಸುಮಾರು ಅರ್ಧ ಕ್ಲಾಸ್ "ಎರಡೂ ಏರುತ್ತವೆ" ಎನ್ನುತ್ತದೆ. ಚರ್ಚೆಯ ನಂತರ ಬಹುಪಾಲು ಮಕ್ಕಳು ಸರಾಸರಿ 10 ಏರುತ್ತದೆ, ಹರಡಿಕೆ ಹಾಗೆಯೇ ಇರುತ್ತದೆ ಎನ್ನುವಲ್ಲಿಗೆ ತಾವೇ ಬರುತ್ತಾರೆ. ಆ ಎರಡು ನಿಮಿಷ ನಾನು ಕೊನೇ ಬೆಂಚಿನ ಹತ್ತಿರ ನಿಂತು ಅವರು ಹೇಗೆ ವಾದಿಸುತ್ತಾರೆಂದು ಕೇಳುತ್ತೇನೆ. ನಮ್ಮ ಮಾಸ್ಟ್ರು ಕೂರುತ್ತಿದ್ದ ಜಾಗ ಅದೇ.

2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಬರೀ ಉಪನ್ಯಾಸ ಕೇಳಿದವರು ನಪಾಸಾಗುವ ಸಂಭವ, ಕ್ಲಾಸಿನಲ್ಲಿ ಏನಾದರೂ ಮಾಡುತ್ತ ಕಲಿತವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಆದರೆ ಒಂದು ಎಚ್ಚರ. 2019ರ ಹಾರ್ವರ್ಡ್ ಅಧ್ಯಯನವೊಂದರಲ್ಲಿ ಹೀಗೆ ಕಲಿತವರು ಹೆಚ್ಚು ಕಲಿತಿದ್ದರೂ, ನಿರರ್ಗಳ ಉಪನ್ಯಾಸ ಕೇಳಿದವರೇ ತಮಗೆ ಹೆಚ್ಚು ಅರ್ಥವಾಯಿತು ಅಂದುಕೊಂಡಿದ್ದರು. ತಲೆಗೆ ಕೆಲಸ ಬಿದ್ದಾಗ ಕಷ್ಟವೆನಿಸುತ್ತದೆ, ಆ ಕಷ್ಟವನ್ನು ಮಕ್ಕಳು "ತಿಳಿಯಲಿಲ್ಲ" ಎಂದು ತಿಳಿಯುತ್ತಾರೆ. ಆದ್ದರಿಂದ ಏಕೆ ಹೀಗೆ ಮಾಡುತ್ತಿದ್ದೀರಿ ಎಂದು ಮೊದಲ ವಾರವೇ ಅವರಿಗೆ ಬಿಡಿಸಿ ಹೇಳಿ.

ಆರನೆಯದು: ಭಾಷೆ

ಪಾಠ ಇಂಗ್ಲಿಷಿನಲ್ಲೇ ನಡೆಯಲಿ, ಪರೀಕ್ಷೆ ಬರೆಯುವುದು ಅದರಲ್ಲೇ. ಆದರೆ ಪಕ್ಕದವರೊಡನೆ ಮಾತಾಡುವಾಗ ಯಾವ ಭಾಷೆಯಾದರೂ ಆಗಲಿ ಎಂದು ಬಾಯಿಬಿಟ್ಟು ಹೇಳಿ. ನನ್ನ ಕ್ಲಾಸಿನಲ್ಲಿ ಮರಾಠಿ, ಗುಜರಾತಿ, ಹಿಂದಿ, ತುಳು ಎಲ್ಲ ಒಟ್ಟಿಗೆ ಕೇಳಿಸುತ್ತಿತ್ತು. ಹೊಸ ಪಾರಿಭಾಷಿಕ ಪದವನ್ನು ಬೋರ್ಡಿನ ಬಲ ಮೂಲೆಯಲ್ಲಿ ಬರೆದು, ಕ್ಲಾಸ್ ಮುಗಿಯುವವರೆಗೆ ಅಳಿಸಬೇಡಿ. ಮನೆಮಾತಿನಲ್ಲಿ ಅದಕ್ಕೆ ಏನೆನ್ನಬಹುದು ಎಂದು ಕೇಳಿ. "ಭರೋಸಾ ಇಲ್ಲ" ಎಂಬ ಮಾತು ನನಗೆ ಸಿಕ್ಕಿದ್ದು ಹಾಗೆಯೇ.

ಕಂಪ್ಯೂಟರ್ ಪ್ರಾಕ್ಟಿಕಲ್‌ನಲ್ಲಿ ಹಿಂದೆ ಬೀಳುವ ಕನ್ನಡ ಮಾಧ್ಯಮದ ಮಕ್ಕಳಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಎಂಬ ಸಾಫ್ಟ್‌ವೇರ್ ಕಲಿಸುವ ವೀಡಿಯೊ ಪಾಠಗಳನ್ನು ತೋರಿಸಿಕೊಡಿ. ಅದು ಉಚಿತ, ಕನ್ನಡದಲ್ಲೂ ಪಾಠಗಳಿವೆ.

ಏಳನೆಯದು: ಬೋರ್ಡು, ಧ್ವನಿ

ಸಣ್ಣ ವಿಷಯ, ಆದರೆ ಬಿಡುವಂಥದ್ದಲ್ಲ. ಕ್ಲಾಸ್ ಇಲ್ಲದಾಗ ಬೋರ್ಡಿನ ಮೇಲೆ ಒಂದು ಸಾಲು ಬರೆದು ಕೊನೇ ಬೆಂಚಿನಲ್ಲಿ ಕೂತು ಓದಿ ನೋಡಿ. ಫ್ಯಾನ್ ಹಾಕಿ, ಕಿಟಕಿ ತೆರೆದು, ಗೆಳೆಯರೊಬ್ಬರನ್ನು ಅಲ್ಲಿ ಕೂರಿಸಿ ಮಾತಾಡಿ. ಬರೆಯುವಾಗ ಮಾತು ನಿಲ್ಲಿಸಿ, ತಿರುಗಿ ನಿಂತ ಮೇಲೆ ಮಾತಾಡಿ. ಸ್ಲೈಡ್‌ಗಳಿದ್ದರೆ ಚಿತ್ರ, ಗ್ರಾಫ್‌ಗಳಿಗಿರಲಿ. ಲೆಕ್ಕವನ್ನು ಕೈಯಾರೆ ಬರೆದರೆ ನಿಮ್ಮ ವೇಗ ಮಕ್ಕಳ ಪೆನ್ನಿನ ವೇಗಕ್ಕೆ ಇಳಿಯುತ್ತದೆ.

ಎಂಟನೆಯದು: ಹೊರಡುವ ಮುನ್ನ ಚೀಟಿ, ಮರುದಿನ ಐದು ನಿಮಿಷ

ಪೀರಿಯಡ್‌ನ ಕೊನೆಯ ಮೂರು ನಿಮಿಷ ಬಿಟ್ಟಿಡಿ. "ಇವತ್ತು ಎಲ್ಲಕ್ಕಿಂತ ಮಬ್ಬಾಗಿ ಉಳಿದದ್ದು ಯಾವುದು?" ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ. ಸಂಖ್ಯಾಶಾಸ್ತ್ರದ ದೊಡ್ಡ ಹೆಸರಾದ ಫ್ರೆಡರಿಕ್ ಮೋಸ್ಟೆಲರ್ ತಮ್ಮ ಕ್ಲಾಸಿನಲ್ಲಿ ಇದನ್ನು ಬಳಸಿ 1989ರಲ್ಲಿ ಬರೆದಿದ್ದರು. ಸ್ಟೇಷನ್ನಿಂದ ಮನೆಗೆ ಹೋಗುವ ಗಾಡಿಯಲ್ಲಿ ಕೂರಲು ಜಾಗ ಸಿಕ್ಕರೆ 120 ಚೀಟಿ ಓದಲು ಇಪ್ಪತ್ತು ನಿಮಿಷ ಸಾಕು. ಒಂದೇ ಮಾತು ಇಪ್ಪತ್ತು ಚೀಟಿಯಲ್ಲಿದ್ದರೆ ತಪ್ಪಿದ್ದು ನನ್ನ ವಿವರಣೆ ಎಂದು ತಿಳಿಯುತ್ತೇನೆ.

ಮರುದಿನದ ಮೊದಲ ಐದು ನಿಮಿಷ ಇದಕ್ಕೆ. ಮೊದಲು ಪುಸ್ತಕ ಮುಚ್ಚಿ ಎರಡು ಪ್ರಶ್ನೆಗೆ ಉತ್ತರ ಬರೆಯಲಿ, ಅಂಕವಿಲ್ಲ. ಆಮೇಲೆ ಚೀಟಿಯಲ್ಲಿ ಬಂದ ಸಂದೇಹ ಬಿಡಿಸಿ. ಅಷ್ಟರಲ್ಲಿ ತಡವಾದ ಲೋಕಲ್‌ನವರೂ ಒಳಗೆ ಬಂದಿರುತ್ತಾರೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು ಇದನ್ನೇ. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು.

ಒಂಬತ್ತನೆಯದು: ತಿದ್ದುವುದು, ಮತ್ತು ಕೆಟಿ ಮಕ್ಕಳು

ಇಂಟರ್ನಲ್ ಪೇಪರನ್ನು ಒಂದು ವಾರದೊಳಗೆ ಹಿಂದಿರುಗಿಸಿ. ಮೂರು ವಾರದ ನಂತರ ಅಂಕ ಒಂದನ್ನೇ ನೋಡುತ್ತಾರೆ. ಪ್ರತಿ ಪೇಪರಿನ ಮೇಲೆ ಮುಂದಿನ ಸಲ ಮಾಡಬೇಕಾದ ಒಂದೇ ಒಂದು ಕೆಲಸ ಬರೆಯಿರಿ.

ಎಟಿಕೆಟಿಯಲ್ಲಿ, ಅಂದರೆ ಕೆಲವು ಪೇಪರಿನಲ್ಲಿ ನಪಾಸಾಗಿದ್ದರೂ ಅವನ್ನು ಬಾಕಿ ಇಟ್ಟುಕೊಂಡು ಮುಂದಿನ ತರಗತಿಗೆ ಬಂದವರನ್ನು ಎಲ್ಲರೆದುರು "ಕೆಟಿ ಬ್ಯಾಚ್" ಎಂದು ಕರೆಯುವ ಅಭ್ಯಾಸ ಹಲವು ಕಡೆ ಇದೆ. ದಯವಿಟ್ಟು ಕರೆಯಬೇಡಿ. ಅವರು ಹಳೆಯ ಪೇಪರನ್ನೂ ಹೊಸದನ್ನೂ ಒಟ್ಟಿಗೆ ಹೊರುತ್ತಿರುತ್ತಾರೆ, ಬಹಳ ಮಂದಿ ಕೆಲಸವನ್ನೂ. ಹಾಜರಿ ಕಡಿಮೆಯಾಗಿ ಡಿಫಾಲ್ಟರ್ ಲಿಸ್ಟಿನಲ್ಲಿ ಹೆಸರು ಬರುವ ಮೊದಲೇ ಒಬ್ಬೊಬ್ಬರನ್ನೇ ಕರೆದು "ಏನಾಯಿತು?" ಎಂದು ಕೇಳಿ. ಹಾಗೆ ಕೇಳಿದಾಗಲೇ ನನಗೆ ಒಬ್ಬನ ತಂದೆ ಹಾಸಿಗೆ ಹಿಡಿದದ್ದೂ, ಇನ್ನೊಬ್ಬಳ ರೈಲು ಪಾಸಿಗೆ ದುಡ್ಡಿಲ್ಲದ್ದೂ ಗೊತ್ತಾದದ್ದು.

ಹತ್ತನೆಯದು: ನಿಮ್ಮನ್ನು ನೀವು ಅಳೆಯುವ ಬಗೆ

ಸೆಮಿಸ್ಟರ್ ಕೊನೆಗೆ ಮಕ್ಕಳಿಂದ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸುತ್ತಾರೆ. ಓದಿ, ಆದರೆ ಅದೊಂದನ್ನೇ ನಂಬಬೇಡಿ. 1970ರಲ್ಲಿ ಅಮೆರಿಕದಲ್ಲಿ ಒಬ್ಬ ನಟನಿಗೆ ಡಾ. ಫಾಕ್ಸ್ ಎಂದು ಹೆಸರಿಟ್ಟು, ಮನೋವೈದ್ಯರು, ಮನಶ್ಶಾಸ್ತ್ರಜ್ಞರ ಮುಂದೆ ಉಪನ್ಯಾಸ ಕೊಡಿಸಿದರು. ಮಾತಿನಲ್ಲಿ ಹುರುಳಿರಲಿಲ್ಲ, ಉದ್ದೇಶಪೂರ್ವಕವಾಗಿ ಪರಸ್ಪರ ವಿರುದ್ಧ ಮಾತುಗಳಿದ್ದವು. ಆದರೂ ಕೇಳಿದವರು ಒಳ್ಳೆಯ ಅಂಕ ಕೊಟ್ಟರು. ಮಾತಿನ ಚಂದಕ್ಕೆ ಓದಿದವರೂ ಮರುಳಾಗುತ್ತಾರೆ.

ನಾನು ಮೂರು ಕಡೆ ನೋಡುತ್ತೇನೆ. ಒಂದು, ಅದೇ ಪ್ರಶ್ನೆಗೆ ಕಳೆದ ವರ್ಷದ ಮತ್ತು ಈ ವರ್ಷದ ಉತ್ತರಪತ್ರಿಕೆಗಳು. ಎರಡು, ವರ್ಷಕ್ಕೆರಡು ಸಲ ಸಹೋದ್ಯೋಗಿಯೊಬ್ಬರನ್ನು ಕೊನೇ ಬೆಂಚಿನಲ್ಲಿ ಕೂರಿಸಿ, ನನ್ನನ್ನು ಬಿಟ್ಟು ಮಕ್ಕಳನ್ನು ನೋಡಿ ಬರೆಯಿರಿ ಎಂದು ಕೇಳುವುದು: ಯಾವ ನಿಮಿಷದಲ್ಲಿ ಪೆನ್ನು ನಿಂತಿತು, ಯಾವಾಗ ಫೋನ್ ಹೊರಬಂತು. ಮೂರು, ಫೋನಿನಲ್ಲಿ ಒಂದು ಕ್ಲಾಸ್ ರೆಕಾರ್ಡ್ ಮಾಡಿ ನಾನೆಷ್ಟು ಮಾತಾಡಿದೆ ಎಂದು ಎಣಿಸುವುದು. ಮೊದಲ ಸಲ ಎಣಿಸಿದಾಗ 48 ನಿಮಿಷದಲ್ಲಿ 46 ನಿಮಿಷ ನನ್ನ ಧ್ವನಿಯೇ ಇತ್ತು. ಅದನ್ನು 30ಕ್ಕೆ ಇಳಿಸಲು ನನಗೆ ಮೂರು ವರ್ಷ ಬೇಕಾಯಿತು.

ಬಿಡುವಾದಾಗ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರಕ್ಕೊಮ್ಮೆ ಹೋಗಿ ಬನ್ನಿ. ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದನ್ನೇ ಸಂಶೋಧಿಸುವ ಆ ಕೇಂದ್ರ ಶುರುವಾದದ್ದು 1974ರಲ್ಲಿ.

ಕೊನೆಯದು: ಒಂದು ನೋಟ್‌ಬುಕ್

ಪ್ರತಿ ಕ್ಲಾಸ್ ಮುಗಿದ ಕೂಡಲೇ, ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವ ಮೊದಲೇ, ಎರಡು ಸಾಲು ಬರೆದಿಡಿ. ಯಾವ ಪ್ರಶ್ನೆ ಎದ್ದಿತು, ಎಲ್ಲಿ ತೊಡರಿತು, ಬೆರಳೆಣಿಕೆ ಎಷ್ಟು ಬಂತು. ನನ್ನ ಸ್ಟ್ಯಾಂಡರ್ಡ್ ಡೀವಿಯೇಶನ್ ಪುಟದಲ್ಲಿ ಹದಿನೇಳು ವರ್ಷದ ಟಿಪ್ಪಣಿಗಳಿವೆ. ಗಾಡಿಗಳ ಅಂಕಿಗಳನ್ನು ಅದರಲ್ಲಿ ನಾಲ್ಕು ಸಲ ತಿದ್ದಿದ್ದೇನೆ. ಮೊದಲು ಬರೆದ ಅಂಕಿಗಳಲ್ಲಿ ಸರಾಸರಿ ಪೂರ್ಣಾಂಕ ಬರದೆ, ಮಕ್ಕಳ ಗಮನವೆಲ್ಲ ಭಾಗಾಕಾರದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಈ ಜೂನ್‌ನಲ್ಲಿ ಬಂದ ಹುಡುಗಿಗೆ ಆ ನೋಟ್‌ಬುಕ್ ಕೊಟ್ಟು ಕಳಿಸಿದೆ. ಹೋದ ವಾರ ಫೋನ್ ಮಾಡಿ, "ಸರ್, ಮಕ್ಕಳು ಮೂರನೇ ಗಾಡಿಯ ಅಂಕಿ ತಾವೇ ಬರೆದುಕೊಂಡು ಬಂದಿದ್ದಾರೆ, ಇದನ್ನ ಯಾವ ಪುಟದಲ್ಲಿ ಸೇರಿಸಲಿ?" ಎಂದು ಕೇಳಿದಳು.